ಮೊದಲ ಬೆಂಕಿ ಸುಣ್ಣಕ್ಕಲ್ಲ

ನಮ್ಮ ಸೀಮೆಯ ಹಲವಾಗಲಿನ ಹೊಳೆದಂಡೆಯಲ್ಲಿ ಬೆಳೆದ ಕಬ್ಬು ಸಕ್ಕರೆಯಾಗಬೇಕಾದರೆ ನಡುವೆ ಸುಣ್ಣ ಬರಲೇಬೇಕು. ದುಗ್ಗಾವತಿಯ ಕಾರ್ಖಾನೆ ಇರಲಿ, ಮತ್ತೊಂದಿರಲಿ, ಗಾಣದಿಂದ ಇಳಿದ ರಸ ಕೊಂಚ ಹುಳಿ, ಬಣ್ಣದಲ್ಲಿ ಬಗ್ಗಡ. ಸುಣ್ಣದ ಹಾಲು ಬೆರೆಸಿ ಕಾಸಿದ ಮೇಲೇ ಹುಳಿ ಮುರಿದು, ಕಸವೆಲ್ಲ ಗಸಿಯಾಗಿ ತಳಕ್ಕೆ ಕೂರುತ್ತದೆ. ಆಲೆಮನೆಯ ಕೊಪ್ಪರಿಗೆಗೂ ಅಷ್ಟಿಷ್ಟು ಸುಣ್ಣ ಬೀಳುತ್ತದೆ. ತೋರಣಗಲ್ಲಿನ ಕಡೆ ಹೋದರೆ ಉಕ್ಕಿಗೂ ಅದೇ ಬೇಕು. ಕರಗಿದ ಕಬ್ಬಿಣದೊಳಗಿನ ಸಿಲಿಕಾ, ರಂಜಕವನ್ನು ಹಿಡಿದು ಕಿಟ್ಟವಾಗಿ ಮೇಲಕ್ಕೆ ತರುವುದು ಸುಣ್ಣವೇ. ಹಾಗಾಗಿ ಅಂಥ ದೊಡ್ಡ ಉಕ್ಕಿನ ಕಾರ್ಖಾನೆಯೊಳಗೆ ಸುಣ್ಣ ಸುಡುವುದಕ್ಕೇ ಒಂದು ವಿಭಾಗವಿರುತ್ತದೆ. ನಮ್ಮ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿ ಆ ದಿಕ್ಕಿಗೆ ಬಸ್ಸು ಹತ್ತುವ ಹುಡುಗರಲ್ಲಿ ಕೆಲವರಾದರೂ ಈ ಗೂಡುಗಳ ಪಕ್ಕ ಶಿಫ್ಟು ಕಾಯುತ್ತಾರೆ. ಅವರ ಕೆಲಸದಲ್ಲಿ ಎಲ್ಲಕ್ಕಿಂತ ಬೇಸರದ್ದು ಯಾವುದು, ಎಲ್ಲಕ್ಕಿಂತ ಅಪಾಯದ್ದು ಯಾವುದು ಎಂದು ಎರಡು ಪ್ರಶ್ನೆ ಕೇಳಿದರೆ ಉತ್ತರ ಒಂದೇ ಆದೀತು: ತಣ್ಣಗಾಗಿದ್ದ ಗೂಡಿಗೆ ಮತ್ತೆ ಬೆಂಕಿ ಹಾಕುವುದು.

ಸುಣ್ಣ ಸುಡುವ ಲೆಕ್ಕ ಸರಳ. ಸುಣ್ಣದಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಡೆಯುತ್ತದೆ. ನೂರು ಕಿಲೋ ಶುದ್ಧ ಕಲ್ಲಿನಿಂದ 56 ಕಿಲೋ ಸುಣ್ಣ ಸಿಗುತ್ತದೆ, ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿ ಸೇರುತ್ತದೆ. ಬೇಯದಿದ್ದರೆ ನಡುವೆ ಕಲ್ಲೇ ಉಳಿಯುತ್ತದೆ. ಹೆಚ್ಚು ಬೆಂದರೆ ಸುಣ್ಣ ಬಿಗಿದುಕೊಂಡು ನೀರು ಹಾಕಿದರೂ ತಟ್ಟನೆ ಅರಳದು. ಹಾಗೆ ಅರಳದೆ ಉಳಿದ ಚೂರು ಗೋಡೆಯ ಗಿಲಾವಿನೊಳಗೆ ಸೇರಿ, ತಿಂಗಳುಗಟ್ಟಲೆ ಆದಮೇಲೆ ಅರಳಿ, ಗಿಲಾವನ್ನು ಬಿಲ್ಲೆ ಬಿಲ್ಲೆಯಾಗಿ ಉದುರಿಸಿದ್ದನ್ನು ಹಳೆಯ ಮನೆಗಳವರು ಕಂಡಿದ್ದಾರೆ.

ಆದರೆ ಇದೆಲ್ಲ ಗೂಡು ಕಾದು ನಿಂತ ಮೇಲಿನ ಮಾತು. ಹೊಸದಾಗಿ ಲೈನಿಂಗ್ ಮಾಡಿದ ಗೂಡಿಗೆ ಹಾಕುವ ಮೊದಲ ಬೆಂಕಿ ಸುಣ್ಣಕ್ಕಲ್ಲ, ಗೂಡಿಗೆ.

ಲೈನಿಂಗ್ ಎಂದರೆ ಉಕ್ಕಿನ ಚಿಪ್ಪಿನೊಳಗೆ ಕಟ್ಟಿದ ಬೆಂಕಿ ಇಟ್ಟಿಗೆಯ ಗೋಡೆ. ಇಟ್ಟಿಗೆ ಕೂರದ ಮೂಲೆಗಳಲ್ಲಿ, ಬರ್ನರಿನ ಸುತ್ತ, ಬಾಗಿಲ ಬಳಿ ಕಾಸ್ಟಬಲ್ ಎಂಬ ಬೆಂಕಿ ತಡೆವ ಕಾಂಕ್ರೀಟನ್ನು ಎರೆಯುತ್ತಾರೆ. ಅದನ್ನು ಕಲಸುವುದು ನೀರಿನಲ್ಲಿ. ಇಟ್ಟಿಗೆಯ ಸಂದಿಗೆ ಮೆತ್ತುವ ಗಾರೆಯಲ್ಲೂ ನೀರು. ಮಳೆಗಾಲದಲ್ಲಿ ಕೆಲಸ ನಡೆದಿದ್ದರೆ ಇಟ್ಟಿಗೆಯೂ ತೇವ ಕುಡಿದಿರುತ್ತದೆ. ಕೈಗೆ ಒಣಗಿದಂತೆ ತೋರುವ ಆ ಗೋಡೆಯೊಳಗೆ ಎಷ್ಟೋ ನೀರು ಅಡಗಿರುತ್ತದೆ. ಒಂದು ಲೀಟರ್ ನೀರು ಕುದಿದು ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಕೇಳುತ್ತದೆ. ನಿಧಾನವಾಗಿ ಕಾಸಿದರೆ ಹಬೆ ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ದಾರಿ ಹುಡುಕಿಕೊಂಡು ಹೊರಬರುತ್ತದೆ. ಅವಸರ ಮಾಡಿದರೆ ದಾರಿ ಸಿಗುವ ಮೊದಲೇ ಒತ್ತಡ ಏರುತ್ತದೆ. ನೀರಿರುವ ಮುಚ್ಚಿದ ಜಾಗದಲ್ಲಿ 200 ಡಿಗ್ರಿಗೆ ಹಬೆಯ ಒತ್ತಡ ವಾತಾವರಣದ 15 ಪಟ್ಟಾಗಿರುತ್ತದೆ. 250ಕ್ಕೆ ಅದು 40 ಪಟ್ಟಿನ ಹತ್ತಿರ. ಆಗ ಕಾಸ್ಟಬಲ್ ಹಲ್ಲೆ ಹಲ್ಲೆಯಾಗಿ ಸಿಡಿಯುತ್ತದೆ. ಸಿಡಿದ ಹಲ್ಲೆ ಬರ್ನರಿನ ಬಾಯಿಗೆ ಬೀಳಬಹುದು, ಬಾಗಿಲ ಎದುರು ಇಣುಕುತ್ತಿದ್ದವನ ಮೇಲೂ ಬೀಳಬಹುದು.

ಹೊಸ ಮಣ್ಣಿನ ಹಂಚು ತಂದ ದಿನವೇ ಅದರ ಮೇಲೆ ರೊಟ್ಟಿ ಬಡಿದು ಹಾಕಿ ಭರ್ತಿ ಉರಿ ಕೊಡುವ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ. ಸಣ್ಣ ಉರಿಯಲ್ಲಿ ಕಾಸಿ, ಇಳಿಸಿ, ಆರಲು ಬಿಟ್ಟು, ಮತ್ತೆ ಕಾಸಿ, ಹಂಚು ಪಳಗಿದ ಮೇಲೇ ರೊಟ್ಟಿ. ಎಂಜಿನಿಯರುಗಳು ಕಾಗದದ ಮೇಲೆ ಗೆರೆ ಎಳೆದು ಹೇಳುವುದೂ ಇದನ್ನೇ. ಆ ಗೆರೆಗೆ ಹೀಟಿಂಗ್ ಕರ್ವ್ ಎನ್ನುತ್ತಾರೆ. ಇಟ್ಟಿಗೆ ಕೊಟ್ಟ ಕಂಪನಿಯೇ ಅದನ್ನು ಬರೆದುಕೊಡುತ್ತದೆ, ವಸ್ತು ಬದಲಾದರೆ ಗೆರೆಯೂ ಬದಲಾಗುತ್ತದೆ. ಸ್ಥೂಲವಾಗಿ ಅದರ ಆಕಾರ ಹೀಗಿರುತ್ತದೆ: ಗಂಟೆಗೆ 15ರಿಂದ 25 ಡಿಗ್ರಿಯಂತೆ ಏರಿಸುತ್ತ 110–120ರ ಹತ್ತಿರ ಬಂದು ನಿಲ್ಲುವುದು. ಸುಮ್ಮನೆ ನಿಲ್ಲುವುದು. ಲೈನಿಂಗ್ ದಪ್ಪವಿದ್ದಷ್ಟೂ ಹೆಚ್ಚು ಹೊತ್ತು. ಬಿಡಿ ನೀರು ಹೋಗುವುದು ಇಲ್ಲಿ. ಮತ್ತೆ ಏರಿ 300–350ರಲ್ಲಿ ಇನ್ನೊಂದು ನಿಲುಗಡೆ. ಕಾಸ್ಟಬಲಿನ ಸಿಮೆಂಟು ರಾಸಾಯನಿಕವಾಗಿ ಕಟ್ಟಿಹಾಕಿಕೊಂಡ ನೀರು ಈ ಆಸುಪಾಸಿನಲ್ಲಿ ಬಿಡುಗಡೆಯಾಗುತ್ತದೆ. ಮತ್ತೆ 550–600ರ ನಡುವೆ ಮತ್ತೊಂದು. ಇಟ್ಟಿಗೆಯಲ್ಲಿ ಬಿಡಿ ಕ್ವಾರ್ಟ್ಜ್ ಇದ್ದರೆ 573 ಡಿಗ್ರಿಯಲ್ಲಿ ಅದರ ಹರಳಿನ ರೂಪ ಬದಲಾಗಿ ಗಾತ್ರ ಒಮ್ಮೆಗೇ ಹಿಗ್ಗುತ್ತದೆ. ಅದನ್ನು ದಾಟಿದ ಮೇಲೆ ಸ್ವಲ್ಪ ಜೋರಾಗಿ ಹೋಗಬಹುದು.

ಈ ನಿಲುಗಡೆಗಳದೇ ತೊಂದರೆ. ಗ್ರಾಫಿನಲ್ಲಿ ಗೆರೆ ಏರುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ಯಾರಿಗೂ ಕಾಣುತ್ತದೆ. ಗೆರೆ ಅಡ್ಡ ಮಲಗಿದ್ದರೆ ಏನೂ ನಡೆಯುತ್ತಿಲ್ಲ ಎಂದೇ ಎಲ್ಲರ ಎಣಿಕೆ. ರಾತ್ರಿ ಪಾಳಿಯಲ್ಲಿ ಬಂದವನು ಕೇಳುತ್ತಾನೆ:

"ಅಣ್ಣಾ, ಮಧ್ಯಾಹ್ನ ನೋಡಿದಾಗ್ಲೂ ನೂರಾ ಇಪ್ಪತ್ತೇ ಇತ್ತು, ಈಗ್ಲೂ ಅಷ್ಟೇ ಐತಲ್ಲ?"

"ಅಷ್ಟೇ ಇರ್ಬೇಕಪ್ಪ. ಮ್ಯಾಲೆ ಹಬಿ ಹೊಂಟೈತೋ ಇಲ್ಲೋ ನೋಡ್ಕಂಬಾ ಹೋಗು."

ಇಂಥ ಮಾತು ಯಾವ ಗೂಡಿನ ಬುಡದಲ್ಲಿಯಾದರೂ ಕೇಳಿಬರಬಹುದಾದದ್ದು. ಹೆಸರು, ದಿನಾಂಕ ಬೇಕಿಲ್ಲ. ಕೇಳಿದವನು ಹೊಸಬ, ಹೇಳಿದವನು ಹಳಬ. ಕೇಳಿದವನು ಫೋನಿನ ಆಚೆ ಕೂತ ಮೇಲಧಿಕಾರಿಯಾಗಿದ್ದರೆ ಹಳಬನಿಗೂ ಅಷ್ಟು ಖಡಕ್ಕಾಗಿ ಹೇಳುವುದು ಕಷ್ಟ.

ಚಿಪ್ಪು ಮತ್ತು ಇಟ್ಟಿಗೆಯ ಜಗಳ ಇನ್ನೊಂದು. ಅಡ್ಡ ಮಲಗಿ ಉರುಳುವ ರೋಟರಿ ಗೂಡಿನಲ್ಲಿ ಇದು ಜೋರು. ಒಳಗಿನ ಇಟ್ಟಿಗೆ ಸಾವಿರ ಡಿಗ್ರಿಯಲ್ಲಿ ಹಿಗ್ಗುತ್ತದೆ, ಹೊರಗಿನ ಉಕ್ಕು ಇನ್ನೂರೋ ಇನ್ನೂರೈವತ್ತೋ ಡಿಗ್ರಿಯಲ್ಲಿ ಹಿಗ್ಗುತ್ತದೆ. 60 ಮೀಟರ್ ಉದ್ದದ ಉಕ್ಕಿನ ಕೊಳವೆ 30ರಿಂದ 250 ಡಿಗ್ರಿಗೆ ಬಂದರೆ ಸುಮಾರು 16 ಸೆಂಟಿಮೀಟರ್ ಉದ್ದವಾಗುತ್ತದೆ. ಈ ಎರಡೂ ಜೊತೆಜೊತೆಗೆ ಹಿಗ್ಗಬೇಕು. ಇಟ್ಟಿಗೆಯನ್ನು ಓಡಿಸಿ ಚಿಪ್ಪನ್ನು ಹಿಂದೆ ಬಿಟ್ಟರೆ, ಜಾಗ ಸಾಲದೆ ಇಟ್ಟಿಗೆಗಳು ಒಂದನ್ನೊಂದು ಒತ್ತಿ ಮುಖದ ಚಕ್ಕೆ ಕಳಚುತ್ತವೆ. ಚಿಪ್ಪನ್ನು ಹೊತ್ತ ದಪ್ಪ ಉಕ್ಕಿನ ಬಳೆಗಳಿಗೆ ಟೈರ್ ಎನ್ನುತ್ತಾರೆ. ದಪ್ಪವಿರುವುದರಿಂದ ಅವು ಕಾಯುವುದು ತಡ. ಚಿಪ್ಪು ಮೊದಲೇ ಕಾದು ಹಿಗ್ಗಿ, ಟೈರ್ ತಣ್ಣಗೇ ಉಳಿದರೆ, ನಡುವಿನ ಸಂದು ಮುಚ್ಚಿ ಚಿಪ್ಪು ಹಿಸುಕಿಹೋಗುತ್ತದೆ. ಆ ಹಿಸುಕು ಮತ್ತೆ ತಣ್ಣಗಾದರೂ ನೆಟ್ಟಗಾಗುವುದಿಲ್ಲ.

ಜೊತೆಗೆ ರೋಟರಿ ಗೂಡನ್ನು ಕಾಸುವಾಗ ಒಂದೇ ಮಗ್ಗುಲಲ್ಲಿ ಮಲಗಿಸಿ ಇಡುವಂತಿಲ್ಲ. ಮೊದಮೊದಲು ಆಗಾಗ ಕಾಲು ಸುತ್ತು ತಿರುಗಿಸುತ್ತಾರೆ, ಬಿಸಿ ಏರಿದಂತೆ ನಡುವಿನ ಬಿಡುವು ಕಡಿಮೆಯಾಗುತ್ತದೆ, ಕೊನೆಗೆ ಎಡೆಬಿಡದೆ ತಿರುಗುತ್ತಿರಬೇಕು. ಕಾದ ಗೂಡಿನ ಮೇಲೆ ಮಳೆ ಹೊಯ್ದರೆ ಮೇಲ್ಮೈ ತಣಿದು ಕೆಳಮೈ ಬಿಸಿಯಾಗಿದ್ದು ಇಡೀ ಕೊಳವೆ ಬಾಗುತ್ತದೆ. ಆದ್ದರಿಂದ ಹನಿ ಬಿದ್ದ ತಕ್ಷಣ ತಿರುಗಿಸಲು ಶುರು ಮಾಡಬೇಕು. ಕರೆಂಟು ಹೋದರೆ? ಅದಕ್ಕಾಗಿಯೇ ಡೀಸೆಲ್ ಎಂಜಿನ್ನಿನ ಸಹಾಯಕ ಗೇರು ಇರುತ್ತದೆ. ಬೆಂಕಿ ಹಾಕುವ ಮುನ್ನ ಅದನ್ನು ಒಮ್ಮೆ ಚಾಲೂ ಮಾಡಿ ನೋಡಿರಬೇಕು. ನಡುರಾತ್ರಿ ಕರೆಂಟು ಹೋದ ಮೇಲೆ ಆ ಎಂಜಿನ್ನಿಗೆ ಬ್ಯಾಟರಿ ಸತ್ತಿದೆ ಎಂದು ಗೊತ್ತಾಗುವುದು ನಮ್ಮ ದೇಶದಲ್ಲಿ ತೀರಾ ಅಪರೂಪದ ಸಂಗತಿ ಎಂದು ನಂಬಲು ನನಗೆ ಧೈರ್ಯವಿಲ್ಲ.

ಇಷ್ಟೆಲ್ಲ ಇಟ್ಟಿಗೆ, ಉಕ್ಕಿನ ಕಥೆ. ಮನುಷ್ಯರನ್ನು ಕೊಲ್ಲುವುದು ಬಹುಮಟ್ಟಿಗೆ ಬೇರೆಯದು, ಉರಿಯದೆ ಉಳಿದ ಇಂಧನ.

ತಣ್ಣನೆಯ ಗೂಡಿನೊಳಗೆ ಎಣ್ಣೆಯೋ ಅನಿಲವೋ ಹೋಗಿ, ಹತ್ತಿಕೊಳ್ಳದೆ ಹರಡಿ ನಿಂತರೆ, ಮುಂದಿನ ಕಿಡಿಗೆ ಇಡೀ ಗೂಡೇ ಸಿಡಿಮದ್ದು. ಅದಕ್ಕೇ ಬರ್ನರ್ ಹಚ್ಚುವ ಮೊದಲು ಫ್ಯಾನ್ ಹಾಕಿ ಒಳಗಿನ ಗಾಳಿಯನ್ನು ಪೂರ್ತಿ ಹೊರಗೆ ಎಳೆಯಬೇಕು. ಒಳಗಿನ ಗಾತ್ರದ ಐದು ಪಟ್ಟು ಹೊಸ ಗಾಳಿ ಹಾಯಿಸುವುದು ಕುಲುಮೆಯವರ ನಡುವೆ ಬಹುಕಾಲದಿಂದ ಬಂದ ಲೆಕ್ಕ. ಜ್ವಾಲೆ ಕಂಡಿತೋ ಇಲ್ಲವೋ ಎಂದು ನೋಡುವ ಕಣ್ಣೊಂದನ್ನು, ಫ್ಲೇಮ್ ಸ್ಕ್ಯಾನರ್ ಎನ್ನುವುದನ್ನು, ಬರ್ನರಿಗೆ ಜೋಡಿಸಿರುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಜ್ವಾಲೆ ಕಾಣದಿದ್ದರೆ ಇಂಧನದ ಕವಾಟ ತಾನಾಗಿ ಮುಚ್ಚಬೇಕು. ಮುಚ್ಚಿದ ಮೇಲೆ ತಕ್ಷಣ ಮತ್ತೆ ಹಚ್ಚುವ ಹಾಗಿಲ್ಲ. ಮತ್ತೆ ಮೊದಲಿನಿಂದ ಗಾಳಿ ಹಾಯಿಸಬೇಕು. ಒಳಗಿನ ಬಿಸಿ 750 ಡಿಗ್ರಿ ದಾಟಿದ ಮೇಲೆ ಮಾತ್ರ ಒಳಹೋದ ಇಂಧನ ತಾನೇ ಹತ್ತಿಕೊಳ್ಳುತ್ತದೆ ಎಂದು ಯುರೋಪಿನ ಕುಲುಮೆ ನಿಯಮಗಳು ಒಪ್ಪುತ್ತವೆ. ಅಲ್ಲಿಯವರೆಗಿನ ಪ್ರತಿ ಗಂಟೆಯೂ ಜ್ವಾಲೆಯ ಮೇಲೆ ಕಣ್ಣಿಟ್ಟೇ ಕಳೆಯಬೇಕು. ಮೇಲೆ ಹೇಳಿದ ನಿಲುಗಡೆಗಳೆಲ್ಲ ಇದೇ 750ರ ಕೆಳಗೇ ಇವೆ ಎಂಬುದನ್ನು ನೆನಪಿಡಿ. ಲೈನಿಂಗಿಗೆ ಒಳ್ಳೆಯದಾದ ನಿಧಾನ, ಬರ್ನರಿನ ಪಾಲಿಗೆ ಅಪಾಯದ ಹೊತ್ತನ್ನು ಉದ್ದ ಮಾಡುತ್ತದೆ. ಸಣ್ಣ ಜ್ವಾಲೆಯನ್ನು ದಿನಗಟ್ಟಲೆ ಆರದಂತೆ ಹಿಡಿದಿಡುವುದೇ ಇಲ್ಲಿನ ಕಸುಬು. ಎರಡು ಮೂರು ಬಾರಿ ಜ್ವಾಲೆ ಆರಿದಾಗ ಬೇಸತ್ತು ಸ್ಕ್ಯಾನರಿಗೆ ಅಡ್ಡದಾರಿ ಹಾಕುವ ಕೈಗಳಿವೆ. ಅವರನ್ನು ಬಯ್ಯುವ ಮುನ್ನ, ಸಣ್ಣ ಉರಿಗೆ ಹೊಂದದ ದೊಡ್ಡ ಬರ್ನರನ್ನೇ ಕೊಟ್ಟು 120 ಡಿಗ್ರಿಯಲ್ಲಿ ನಿಲ್ಲಿಸು ಎಂದವರು ಯಾರು ಎಂದೂ ಕೇಳಬೇಕು. ಕಾಸುವುದಕ್ಕೆಂದೇ ಬೇರೆ ಚಿಕ್ಕ ಬರ್ನರ್ ತಂದಿಡುವುದು ದುಂದುಗಾರಿಕೆಯಲ್ಲ.

ನಿಂತಿರುವ ಕಂಬದಂಥ ಶಾಫ್ಟ್ ಗೂಡಿನಲ್ಲಿ, ಕಲ್ಲು ಮತ್ತು ಕಲ್ಲಿದ್ದಲನ್ನು ಪದರ ಪದರವಾಗಿ ಹಾಕುವಲ್ಲಿ, ಕ್ರಮ ಬೇರೆ. ಬುಡಕ್ಕೆ ಕಲ್ಲು, ಅದರ ಮೇಲೆ ಒಣ ಸೌದೆ, ಆಮೇಲೆ ಇದ್ದಲು ಬೆರೆತ ಕಲ್ಲು. ಸೌದೆಗೆ ಬೆಂಕಿ ತಾಗಿಸಿ ಅದು ಮೇಲಿನ ಪದರಕ್ಕೆ ದಾಟುವವರೆಗೆ ಕೆಳಗಿಂದ ಏನನ್ನೂ ಎಳೆಯಬಾರದು. ಎಳೆದರೆ ಬೆಂಕಿಯೂ ಜಾರಿ ಕೆಳಗೆ ಬಂದು ಸರಕು ಹೊರಡುವ ಬಾಯಿಯ ಕಬ್ಬಿಣವನ್ನೇ ಸುಡುತ್ತದೆ. ಮೊದಲು ಹೊರಬರುವುದು ಅರೆಬೆಂದ ಕಲ್ಲು, ಅದು ಮಾರಾಟಕ್ಕಲ್ಲ. ಇಲ್ಲಿನ ವೈರಿ ಕಾರ್ಬನ್ ಮೊನಾಕ್ಸೈಡ್. ತೇವದ ಸೌದೆ, ಸಾಲದ ಗಾಳಿ, ಇನ್ನೂ ಕಾಯದ ಚಿಮಣಿಯ ಸೋಮಾರಿ ಎಳೆತ, ಮೂರೂ ಕೂಡಿದರೆ ಅದು ಗೂಡಿನ ಮೇಲ್ಭಾಗದ ಅಟ್ಟಕ್ಕೆ, ಬುಡದ ಸುರಂಗಕ್ಕೆ ಹರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲಿನಿಂದ ಬರುವ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಣಿದ ಮೇಲೆ ತಗ್ಗಿನಲ್ಲಿ ಮಡುಗಟ್ಟುತ್ತದೆ. ವಿಷಗಾಳಿ ಇರಬಹುದಾದ ಮುಚ್ಚಿದ ಜಾಗಕ್ಕೆ ಪರೀಕ್ಷೆ ಮಾಡಿ ಕೊಟ್ಟ ಲಿಖಿತ ಪ್ರಮಾಣಪತ್ರವಾದರೂ, ಇಲ್ಲವೇ ಉಸಿರಾಟದ ಸಾಧನ ಮತ್ತು ಹಗ್ಗ ಕಟ್ಟಿದ ಬೆಲ್ಟಾದರೂ ಇಲ್ಲದೆ ಯಾರೂ ಇಳಿಯಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮೇ ಬರೆದಿತ್ತು. ಬಿದ್ದವನನ್ನು ಎತ್ತಲು ಹಗ್ಗವಿಲ್ಲದೆ ಇಳಿದವನೂ ಬೀಳುವುದು ಇಂಥ ಜಾಗಗಳ ಹಳೇ ಕಥೆ. ಬಾವಿ ತೋಡುವವರಿಗೂ ಗೊತ್ತು, ಮಲಗುಂಡಿಗೆ ಇಳಿಸಲ್ಪಟ್ಟವರ ಮನೆಯವರಿಗೂ ಗೊತ್ತು.

ಅರ್ಧಕ್ಕೆ ನಿಂತಿದ್ದ ಗೂಡಾದರೆ ಮತ್ತೊಂದು ಎಚ್ಚರ ಬೇಕು. ಒಳಗೆ ಸುಣ್ಣ ಉಳಿದಿರುತ್ತದೆ. ನೀರು ತಾಗಿದರೆ ಅದು ಅಲ್ಲೇ ಅರಳಿ, ಹಿಗ್ಗಿ, ನೀರನ್ನೇ ಕುದಿಸುವಷ್ಟು ಕಾಯುತ್ತದೆ. ಗೂಡಿನೊಳಗೆ ಕಟ್ಟಿಕೊಂಡದ್ದನ್ನು ಪೈಪಿನಿಂದ ನೀರು ಬಿಟ್ಟು ತೊಳೆಯಲು ಹೋಗುವುದು ಹುಚ್ಚುತನ. ಮ್ಯಾಗ್ನೀಸಿಯಾ ಇಟ್ಟಿಗೆಗೂ ತೇವದ ದ್ವೇಷವಿದೆ. ತಿಂಗಳುಗಟ್ಟಲೆ ಹಸಿಗಾಳಿಯಲ್ಲಿ ಬಿಟ್ಟರೆ ಬಿರುಕು ಬಿಟ್ಟು ಪುಡಿಯಾಗುತ್ತದೆ.

ಹಿಂದೆ ನಮ್ಮ ಸೀಮೆಯಲ್ಲಿ ಸುಣ್ಣ ಸುಟ್ಟವರು ಇಷ್ಟೆಲ್ಲ ಲೆಕ್ಕ ಇಟ್ಟಿದ್ದರೇ? ಹಂಪಿಯ ಇಟ್ಟಿಗೆ ಗೋಪುರಗಳು, ಅವುಗಳ ಮೇಲಿನ ಗಾರೆಯ ಗೊಂಬೆಗಳು ಸುಣ್ಣದಿಂದಲೇ ನಿಂತಿವೆ. ಹಲವಾಗಲು ದಾಟಿ ಹರಿದ ಹೊಳೆಯನ್ನು ಹೊಸಪೇಟೆಯ ಬಳಿ ತಡೆದ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿರುವುದೂ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆಸಿದ ಸುಣ್ಣದ ಗಾರೆ. ಅದನ್ನು ಕಟ್ಟಲು ತೊಡಗಿದ್ದು 1945ರಲ್ಲಿ, ಮುಗಿಸಿದ್ದು 1953ರಲ್ಲಿ. ಅದಕ್ಕೂ ಮೊದಲಿನ ಕನ್ನಂಬಾಡಿ ಕಟ್ಟೆಯದೂ ಸುರ್ಕಿ ಗಾರೆಯೇ. ಹಳ್ಳಿಯ ಸುಣ್ಣದ ಭಟ್ಟಿಗೆ ಬಿಸಿ ಅಳೆಯುವ ಥರ್ಮೋಕಪಲ್ ಇರಲಿಲ್ಲ, ಗ್ರಾಫ್ ಇರಲಿಲ್ಲ. ಆದರೆ ಒಂದು ಅನುಕೂಲವಿತ್ತು, ಇದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಪ್ರತಿ ಸಲ ತುಂಬಿ, ಸುಟ್ಟು, ಆರಿಸಿ, ಖಾಲಿ ಮಾಡುವ ಗೂಡು. ಸುಣಗಾರರು ಒಂದು ಬೇಸಿಗೆಯಲ್ಲಿ ಹಲವು ಸಲ ತಣ್ಣನೆಯ ಗೂಡಿಗೆ ಬೆಂಕಿ ಹಾಕುತ್ತಿದ್ದರು. ಬಿಳಿ ಹಬೆ ದಟ್ಟವಾಗಿ ಏಳುತ್ತಿರುವವರೆಗೆ ಸೌದೆ ಹಿಡಿದು ಹಾಕುವುದು, ಹಬೆ ತೆಳುವಾಗಿ ಹೊಗೆಯ ಬಣ್ಣ ತಿರುಗಿದ ಮೇಲೆ ಕೈ ಬಿಚ್ಚುವುದು, ಇದೆಲ್ಲ ಅವರಿಗೆ ರೂಢಿಯಾಗಿತ್ತು.

ಇಂದಿನ ಗೂಡು ವರ್ಷಗಟ್ಟಲೆ ಆರದೆ ಉರಿಯುತ್ತದೆ. ಅದೇ ಅದರ ಹೆಚ್ಚುಗಾರಿಕೆ. ಅದರ ಬೆಲೆ ಎಂದರೆ, ತಣ್ಣನೆಯ ಗೂಡಿಗೆ ಬೆಂಕಿ ಹಾಕುವ ಸಂದರ್ಭ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುತ್ತದೆ. ಅಷ್ಟರಲ್ಲಿ ಹೋದ ಸಲ ಮಾಡಿದವನು ನಿವೃತ್ತನಾಗಿರುತ್ತಾನೆ, ಇಲ್ಲ ಬೇರೆ ಊರಿನ ಕಾರ್ಖಾನೆಗೆ ಹೋಗಿರುತ್ತಾನೆ. ಗುತ್ತಿಗೆ ಕಾರ್ಮಿಕರಂತೂ ಎರಡು ಸಲ ಬದಲಾಗಿರುತ್ತಾರೆ. ಎಲ್ಲಕ್ಕಿಂತ ಕಷ್ಟದ ಕೆಲಸವನ್ನು ಎಲ್ಲಕ್ಕಿಂತ ಕಡಿಮೆ ಅಭ್ಯಾಸವಿರುವ ಕೈಗಳು ಮಾಡುವಂತೆ ನಮ್ಮ ಪ್ರಗತಿ ಏರ್ಪಾಡು ಮಾಡಿದೆ.

ಅದರ ಮೇಲೆ ಲಾಭನಷ್ಟದ ವಿಚಿತ್ರ ಹಂಚಿಕೆ. ಮೂರು ದಿನದ ಕಾಸುವಿಕೆಯನ್ನು ಎರಡು ದಿನಕ್ಕೆ ಇಳಿಸಿದವನಿಗೆ ಶಹಬ್ಬಾಸ್‌ಗಿರಿ ಅಂದೇ ಸಿಗುತ್ತದೆ, ಒಂದು ದಿನದ ಉತ್ಪಾದನೆ ಲೆಕ್ಕಕ್ಕೆ ಬರುತ್ತದೆ. ಅವಸರದಲ್ಲಿ ಬಿಟ್ಟ ಬಿರುಕು ಮಾತ್ರ ಅಂದು ಕಾಣುವುದಿಲ್ಲ. ಆರು ತಿಂಗಳಾದ ಮೇಲೆ, ಚಿಪ್ಪಿನ ಯಾವುದೋ ಒಂದು ಕಡೆ ರಾತ್ರಿ ಹೊತ್ತು ಕೆಂಪಗೆ ಹೊಳೆಯಲು ಶುರುವಾಗುತ್ತದೆ. ಒಳಗೆ ಇಟ್ಟಿಗೆ ಬಿದ್ದಿದೆ ಎಂದರ್ಥ. ಆಗ ಗೂಡು ನಿಲ್ಲಿಸಬೇಕು, ತಣಿಸಬೇಕು, ಇಟ್ಟಿಗೆ ಕಟ್ಟಬೇಕು, ಮತ್ತೆ ಕಾಸಬೇಕು. ಉಳಿಸಿದ್ದು ಒಂದು ದಿನ, ಹೋಗುವುದು ವಾರಗಟ್ಟಲೆ. ಆದರೆ ಆ ನಷ್ಟ ಬೀಳುವುದು ಬೇರೊಬ್ಬನ ಪಾಳಿಯ ಮೇಲೆ, ಇಟ್ಟಿಗೆ ಪೂರೈಸಿದವನ ಮೇಲೆ, ಕಟ್ಟಿದ ಮೇಸ್ತ್ರಿಯ ಮೇಲೆ. ಆರು ತಿಂಗಳ ಹಿಂದಿನ ಆ ರಾತ್ರಿ ಯಾರೋ ಒಬ್ಬರು ಗೆರೆಯನ್ನು ಎತ್ತಿ ಹಿಡಿದದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಹಾಗಾಗಿ ಅವಸರ ಮಾಡಿದವನಿಗೆ ಅದರಿಂದ ಪಾಠವೂ ಆಗುವುದಿಲ್ಲ, ಮುಂದಿನ ಸಲವೂ ಅವನೇ ಜಾಣ.

ಬಾಯ್ಲರಿಗೆ ನಮ್ಮಲ್ಲಿ 1923ರಿಂದಲೇ ಪ್ರತ್ಯೇಕ ಕಾಯ್ದೆಯಿದೆ, ಅದನ್ನು ನೋಡಿ ಪ್ರಮಾಣಪತ್ರ ಕೊಡುವ ಸರ್ಕಾರಿ ನಿರೀಕ್ಷಕರಿದ್ದಾರೆ. ದುಗ್ಗಾವತಿಯಲ್ಲಾಗಲಿ ಬೇರೆಲ್ಲೇ ಆಗಲಿ, ಕಬ್ಬು ಅರೆಯುವ ಹಂಗಾಮಿಗೆ ಮೊದಲು ಬಾಯ್ಲರಿನ ಕಾಗದ ಸರಿಯಿರಬೇಕು. ಸುಣ್ಣದ ಗೂಡಿಗೆ ಅಂಥ ತನ್ನದೇ ಕಾಯ್ದೆಯಿಲ್ಲ. ಸಾಮಾನ್ಯ ಕಾರ್ಖಾನೆ ನಿಯಮಗಳ ನೆರಳಿನಲ್ಲೇ ಅದು ಬದುಕಬೇಕು. ಹೊಸ ಕಾಯ್ದೆ ಬರಲಿ ಎಂದು ನಾನು ಕೇಳುವುದಿಲ್ಲ, ನಮ್ಮಲ್ಲಿ ಕಾಯ್ದೆಗಳಿಗೆ ಕೊರತೆ ಬಿದ್ದಿಲ್ಲ. ಕೇಳುವುದು ಇನ್ನೂ ಸಣ್ಣದು. ಕಾಸುವ ದಿನಗಳ ತಾಪಮಾನದ ದಾಖಲೆ, ಗಂಟೆ ಗಂಟೆಗೆ, ಯಾವ ಪಾಳಿಯಲ್ಲಿ ಯಾರಿದ್ದರು ಎಂಬ ಸಹಿಯೊಂದಿಗೆ, ಆ ಲೈನಿಂಗ್ ಇರುವಷ್ಟು ಕಾಲ ಕಾರ್ಖಾನೆಯಲ್ಲಿ ಉಳಿಯಬೇಕು. ಗೆರೆ ಬದಲಿಸಲು ಹೇಳಿದವರು ಫೋನಿನಲ್ಲಿ ಹೇಳದೆ ಅದೇ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಲೈನಿಂಗ್ ಗುತ್ತಿಗೆಯ ಕೊನೆಯ ಕಂತನ್ನು ಬೆಂಕಿ ಹತ್ತಿದ ದಿನಕ್ಕೆ ಕಟ್ಟದೆ, ಗೆರೆ ಪೂರ್ತಿಯಾದ ದಿನಕ್ಕೆ ಕಟ್ಟಬೇಕು. ಕಾಸುವ ಅಷ್ಟೂ ದಿನ ಪಾಳಿಗೊಬ್ಬ ಹಳಬ ಇರಬೇಕು, ನಿವೃತ್ತನಾಗಿದ್ದರೆ ದಿನದ ಸಂಬಳ ಕೊಟ್ಟು ಊರಿಂದ ಕರೆಸಬೇಕು. ಹೊಳೆ ತುಂಬಿ ಗರ್ಭಗುಡಿ ಗ್ರಾಮದ ಕಡೆಯ ರಸ್ತೆ ಮುಳುಗಿದ್ದರೆ ಸುತ್ತುಬಳಸಿನ ದಾರಿಯಲ್ಲಿ ಜೀಪು ಕಳಿಸಿಯಾದರೂ.